ಕೊಂಡಿ ಸಡಿಲಾದ ಗಳಿಗೆ

ಮೇಜಿನ ಮೇಲೆ ಜೋಡಿಸಿದ ಆಟಿಕೆ ಹಳಿಗಳ ಮೇಲೆ ಒಂದು ಎಂಜಿನ್ನೂ ಅದರ ಹಿಂದೆ ಒಂದು ಕೆಂಪು ಬೋಗಿಯೂ ಓಡುತ್ತಿದ್ದವು. ಎರಡನ್ನೂ ಸೇರಿಸಿದ್ದು ಅವುಗಳ ಕೊಂಡಿಗಳು. ಆ ಕೊಂಡಿಗಳನ್ನು ಬಿಡಿಸಲೆಂದೇ ಸುರಂಗದ ಮುಂದೆ, ಹಳಿಯ ಕೆಳಗೆ ಒಂದು ಅಯಸ್ಕಾಂತವನ್ನು ಹುದುಗಿಸಿಟ್ಟಿದ್ದರು. ರೈಲು ದಿನವೂ ಅದರ ಮೇಲೆಯೇ ಹಾದುಹೋಗುತ್ತಿತ್ತು, ಏನೂ ಆಗುತ್ತಿರಲಿಲ್ಲ.

ಒಂದು ದಿನ ಸುರಂಗದ ಬಾಯಿಗೆ ಬಂದಾಗ ಬೋಗಿ ಹೇಳಿತು, “ಅಣ್ಣಾ, ನೀನು ಎಳೆದೆಳೆದು ನನ್ನ ಕುತ್ತಿಗೆ ಕಿತ್ತು ಬರುತ್ತಿದೆ. ಪ್ರೀತಿ ಇದ್ದವರು ಹೀಗೆ ಜಗ್ಗುತ್ತಾರೆಯೇ?”

“ಜಗ್ಗದೆ ಕರೆದೊಯ್ಯುವ ವಿದ್ಯೆ ನನಗೆ ಗೊತ್ತಿಲ್ಲ, ತಮ್ಮಾ,” ಎಂದಿತು ಎಂಜಿನ್. ಆದರೂ ಅದಕ್ಕೆ ಮನಸ್ಸು ತಡೆಯಲಿಲ್ಲ. ಅಲ್ಲೇ ನಿಂತು, ಒಂದು ಬೆರಳಿನಷ್ಟು ಹಿಂದಕ್ಕೆ ಸರಿದು ಬೋಗಿಗೆ ಒರಗಿಕೊಂಡಿತು. ಕೊಂಡಿಗಳು ಸಡಿಲಾದವು.

“ಈಗ ಹಾಯೆನಿಸಿತು,” ಎಂದಿತು ಬೋಗಿ.

ಎಂಜಿನ್ ಮತ್ತೆ ಹೊರಟಿತು. ಹಿಂದೆ ಭಾರವೇ ತಿಳಿಯಲಿಲ್ಲ. ತಮ್ಮ ಸುಖವಾಗಿದ್ದಾನೆ ಎಂದುಕೊಂಡು ಅದು ಸುರಂಗದೊಳಗೆ ಹೋಯಿತು.

ಬೋಗಿ ನಿಂತಲ್ಲೇ ನಿಂತಿತ್ತು. ತನ್ನ ಕೊಂಡಿ ಬಾಯಿ ತೆರೆದುಕೊಂಡಿರುವುದನ್ನು ಅದು ಕಂಡಿತು. “ನಾನು ಕೈಬಿಡಲಿಲ್ಲ,” ಎಂದಿತು. “ಅವನೂ ಬಿಡಲಿಲ್ಲ. ಹಾಗಾದರೆ ಬಿಡಿಸಿದ್ದು ಯಾರು?”

“ನಾನು,” ಎಂದಿತು ಹಳಿಯ ಕೆಳಗಿನ ಅಯಸ್ಕಾಂತ. “ದಿನವೂ ಪ್ರಯತ್ನಿಸುತ್ತಿದ್ದೆ. ಅವನು ಜಗ್ಗುತ್ತಿರುವಷ್ಟು ಹೊತ್ತು ನನ್ನ ಬಲ ಸಾಲುತ್ತಿರಲಿಲ್ಲ.”

ಬೋಗಿ ಗಾಬರಿಯಿಂದ ತನ್ನ ಕುತ್ತಿಗೆಯ ನೋವನ್ನು ಹುಡುಕಿತು. ಅದು ಎಲ್ಲಿಯೂ ಇರಲಿಲ್ಲ.