ಮಡಕೆ ಒಡೆಯುವ ವೀರ

ಆ ಲೋಕದಲ್ಲಿ, ವಿಡಿಯೋ ಗೇಮಿನಲ್ಲಿ ಇರುವಂತೆ, ಪ್ರತಿಯೊಬ್ಬರ ತಲೆಯ ಮೇಲೂ ಅವರ ಲೆವೆಲ್‌ನ ಅಂಕಿ ಹೊಳೆಯುತ್ತಿತ್ತು. ಕುಂಬಾರ ದ್ಯಾವಮ್ಮನದು ಎರಡು. ನಮ್ಮ ಲೋಕದಲ್ಲಿ ಲಾರಿಗೆ ಸಿಕ್ಕಿ ಸತ್ತು ಅಲ್ಲಿ ಹುಟ್ಟಿದ ವೀರನದು ತೊಂಬತ್ತು. ವೀರರು ಕಂಡವರ ಮನೆಗೆ ನುಗ್ಗಿ, ನಿಧಿ ಇದೆಯೇನೋ ಎಂದು ಮಡಕೆ ಒಡೆದು ನೋಡುವುದು ಅಲ್ಲಿಯ ರೂಢಿ. ಊರಿನಲ್ಲಿ ನೀರು ತುಂಬಿಡಲು ಒಂದು ಮಡಕೆಯೂ ಉಳಿದಿರಲಿಲ್ಲ.

“ಹೊಸ ಮಡಕೆ ಎಲ್ಲಿ, ಮುದುಕಿ?” ಎಂದ ವೀರ.

ದ್ಯಾವಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಒಡೆದರೆ ಲೆವೆಲ್ ಏರೋದಿಲ್ಲಪ್ಪ. ಕೆರೆ ಮಣ್ಣು ಹೊತ್ತು ತಂದು ತುಳಿದರೆ ಏರುತ್ತೆ. ಗುಟ್ಟು, ಯಾರಿಗೂ ಹೇಳಬೇಡ.”

“ನಿನ್ನದು ಬರೀ ಎರಡು. ನಿನಗೇನು ಗೊತ್ತು?”

“ನೂರು ದಾಟಿದ ಮೇಲೆ ಮತ್ತೆ ಒಂದರಿಂದ ಎಣಿಸ್ತಾರೆ. ನನ್ನದು ಎರಡನೇ ಸುತ್ತು.”

ವೀರ ಕೂಡಲೇ ಕೈಮುಗಿದ. ಎಂಟು ದಿನ ಮಣ್ಣು ಹೊತ್ತ, ತುಳಿದ. ಅಂಗಳದ ತುಂಬ ಹಸಿ ಮಡಕೆಗಳು ಒಣಗತೊಡಗಿದವು.

ಒಂಬತ್ತನೇ ದಿನ ಇನ್ನೊಬ್ಬ ವೀರ ಕತ್ತಿ ಹಿರಿದುಕೊಂಡು ನುಗ್ಗಿದ. ಮೊದಲನೆಯವನು ಮಡಕೆಗಳಿಗೆ ಅಡ್ಡ ನಿಂತ.

“ಮುಟ್ಟಿದರೆ ನೋಡು. ಇದರ ಕಷ್ಟ ನಿನಗೇನು ಗೊತ್ತು?”

ದ್ಯಾವಮ್ಮ ತಿಗರಿಯಿಂದ ತಲೆ ಎತ್ತಿ ಹೊಸಬನನ್ನು ನೋಡಿದಳು.

“ಬೂಟು ಬಿಚ್ಚಿಟ್ಟು ಬಾರಪ್ಪ. ನಿನಗೂ ಒಂದು ಗುಟ್ಟು ಹೇಳಬೇಕು.”