ನೀಲವ್ವನಿಗಾಗಿ ಕಾದ ಚೆರ್ರಿ ಮರ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲವದು. ಬೆಟ್ಟಗಳ ಮೈ ಆಗತಾನೇ ಒಣಗುತ್ತಿತ್ತು. ಯಾವ ಕಡೆ ಹರಿಯಬೇಕು ಅನ್ನುವುದು ನದಿಗೆ ಆಗಷ್ಟೇ ತಿಳಿದಿತ್ತು. ಗಾಳಿ, ಮರ, ಜೇನು, ಮನುಷ್ಯರು, ಎಲ್ಲರೂ ಆಡುತ್ತಿದ್ದದ್ದು ಒಂದೇ ಮಾತು.

ಆಗ ಚೆರ್ರಿ ಮರಗಳೆಲ್ಲ ಒಂದೇ ದಿನ ಅರಳುತ್ತಿದ್ದವು. ಚಳಿ ಮುಗಿಯುತ್ತಲೇ ತೆಂಕಣ ಗಾಳಿ ಬಂದು "ಏಳಿ, ಏಳಿ!" ಅನ್ನುತ್ತಿತ್ತು. ಬೆಳಗಾಗುವುದರೊಳಗೆ ನದಿಯಾಚೆಯ ತೋಟವೆಲ್ಲ ಬೆಳ್ಳಗೆ. ಮೂರು ದಿನ ಹೂವು. ನಾಲ್ಕನೆಯ ದಿನ ಒಂದೂ ಇಲ್ಲ.

ಆ ತೋಟ ಯಾರೊಬ್ಬರದೂ ಅಲ್ಲ, ಊರಿನದು. ಹೂ ನೋಡಲು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊರಡುತ್ತಿತ್ತು. ನದಿ ದಾಟಿಸಲು ಇದ್ದದ್ದು ಒಂದೇ ದೋಣಿ. ಅದಕ್ಕೆ ಹುಟ್ಟು ಹಾಕುವವಳು ನೀಲವ್ವ.

ನೀಲವ್ವ ಮುದುಕರನ್ನು ದಾಟಿಸಿದಳು, ಬಸುರಿಯರನ್ನು ದಾಟಿಸಿದಳು, ಮಕ್ಕಳ ಹಿಂಡನ್ನು ದಾಟಿಸಿದಳು. ಮತ್ತೆ ಎಲ್ಲರನ್ನೂ ಮನೆಗೆ ಮರಳಿಸಿದಳು. ಕೊನೆಯವರು ಇಳಿದ ಮೇಲೆ ತಾನು ತೋಟಕ್ಕೆ ಓಡಿದರೆ ಅಲ್ಲಿ ಹೂವೆಲ್ಲಿ? ನೆಲದ ಮೇಲೆ ಬಾಡಿದ ಎಸಳು ಮಾತ್ರ.

ಪ್ರತಿ ವರ್ಷವೂ ಹೀಗೇ.

ಒಂದು ವರ್ಷ ಅವಳಿಗೆ ದುಃಖ ತಡೆಯಲಾಗಲಿಲ್ಲ. ಇನ್ನೂ ಹೂವೇ ಬಿಡದ ಒಂದು ಎಳೆಯ ಮರಕ್ಕೆ ಒರಗಿ ಕೂತು ಅತ್ತುಬಿಟ್ಟಳು.

"ಯಾಕವ್ವ?" ಎಂದಿತು ಮರ.

"ಏನಿಲ್ಲ ಮಗಾ. ತಲೆ ನರೆತರೂ ಚೆರ್ರಿ ಹೂವು ಹೆಂಗಿರ್ತದೆ ಅಂತ ಹತ್ತಿರದಿಂದ ಕಂಡಿಲ್ಲ ನಾನು," ಎಂದು ಕಣ್ಣೊರೆಸಿಕೊಂಡು ಎದ್ದಳು.

ಮರುವರ್ಷ ತೆಂಕಣ ಗಾಳಿ ಬಂತು. ತೋಟ ಬೆಳ್ಳಗಾಯಿತು. ನೀಲವ್ವ ಹುಟ್ಟು ಹಾಕುತ್ತಿದ್ದಳು. ನಾಲ್ಕನೆಯ ದಿನ ನೀರ ಮೇಲೆ ಎಸಳು ತೇಲಿ ಬಂದವು. ಈ ಸಲವೂ ಮುಗಿಯಿತು ಅಂದುಕೊಂಡಳು.

ಆಗ ನದಿ ಪಿಸುಗುಟ್ಟಿತು. "ನೀಲವ್ವಾ, ಒಂದು ಮರ ಇನ್ನೂ ಅರಳಿಲ್ಲ."

"ಏನಾಯ್ತು ಅದಕ್ಕೆ? ಒಣಗಿತೇ?"

"ನಿನಗಾಗಿ ಕಾಯ್ತಿದೆಯಂತೆ. ಗಾಳಿ ಬೈದು ಸಾಕಾಗಿ ಹೋಯ್ತು. ಜೇನುಗಳು 'ಇವತ್ತು ಅರಳದಿದ್ದರೆ ನಾವು ಸಾಸಿವೆ ಹೊಲಕ್ಕೆ ಹೋಗ್ತೀವಿ, ನಿನಗೆ ಕಾಯಿಲ್ಲ, ಬೀಜವಿಲ್ಲ, ಮಕ್ಕಳೂ ಇಲ್ಲ' ಅಂತ ಹೇಳಿ ಹೊರಟವು. ಆದರೂ ಅದು ಮೊಗ್ಗು ಬಿಚ್ಚಲಿಲ್ಲ."

ನೀಲವ್ವನಿಗೆ ದೋಣಿ ಬಿಟ್ಟು ಓಡೋಣವೆನ್ನಿಸಿತು. ಆದರೆ ಆಚೆ ದಡದಲ್ಲಿ ಮನೆಗೆ ಮರಳಲು ಕಾದ ಜನ ಇನ್ನೂ ಇದ್ದರು. ಅವರ ನಡುವೆ ಕೂಸುಗಳು, ಕೋಲೂರಿದ ಅಜ್ಜಂದಿರು. ಹಲ್ಲು ಕಚ್ಚಿ ಹುಟ್ಟು ಹಾಕಿದಳು. ಎಲ್ಲರನ್ನೂ ಮನೆ ಸೇರಿಸುವ ಹೊತ್ತಿಗೆ ಮತ್ತೂ ಆರು ದಿನ ಕಳೆದವು.

ಏಳನೆಯ ಬೆಳಿಗ್ಗೆ ಏದುಸಿರು ಬಿಡುತ್ತ ತೋಟಕ್ಕೆ ಬಂದಳು. ಎಳೆಯ ಮರ ಮೈತುಂಬ ಮೊಗ್ಗು ಹೊತ್ತು ನಡುಗುತ್ತಿತ್ತು. ಕಾದು ಕಾದು ಸಾಕಾಗಿ ಕೆಂಪು ಚಿಗುರೆಲೆಗಳು ಆಗಲೇ ಇಣುಕಿದ್ದವು.

"ಬಂದೆಯಾ ಅವ್ವ?"

"ಬಂದೆ ಕಣೋ, ಹುಚ್ಚಪ್ಪಾ! ಅರಳು, ಬೇಗ ಅರಳು!"

ಮರ ಅರಳಿತು. ಅಬ್ಬಾ! ಬೇರೆ ಮರದ ಹೂವಿಗೆ ಐದೇ ಎಸಳು. ಇದರ ಮೊಗ್ಗಿನೊಳಗೆ ಕಾದಷ್ಟು ದಿನವೂ ಎಸಳು ಹುಟ್ಟುತ್ತಲೇ ಇದ್ದವು, ಹತ್ತು, ಇಪ್ಪತ್ತು, ಮೂವತ್ತು! ಕೊಂಬೆ ಕೊಂಬೆಗೂ ದಪ್ಪ ದಪ್ಪ ಗುಲಾಬಿ ಬಣ್ಣದ ಹೂಚೆಂಡು. ನೀಲವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು, ನಗುತ್ತಲೇ ಅತ್ತಳು.

ಆಮೇಲೆ ಊರಿಗೆ ಹೋಗಿ, ಹೂ ನೋಡಲು ಬಿಡುವಾಗದ ಸೂಲಗಿತ್ತಿಯನ್ನು ಕರೆದಳು, ಕುರಿ ಬಿಟ್ಟು ಬರಲಾಗದ ಕುರುಬನನ್ನು ಕರೆದಳು. ಅಂಥವರಿಂದಲೇ ದೋಣಿ ತುಂಬಿತು.

ಹತ್ತು ದಿನದ ಮೇಲೆ ಹೂ ಉದುರಿತು. ಜೇನು ಹೇಳಿದಂತೆ ಒಂದು ಕಾಯೂ ಕಟ್ಟಲಿಲ್ಲ.

"ನನ್ನಿಂದ ನಿನಗೆ ಮಕ್ಕಳಿಲ್ಲದ ಹಾಗಾಯ್ತಲ್ಲೋ," ಎಂದು ನೀಲವ್ವ ಪೇಚಾಡಿದಳು.

ಪಕ್ಕದ ಮುದಿ ಚೆರ್ರಿ ಮರ ಗಂಟಲು ಸರಿಮಾಡಿಕೊಂಡಿತು. "ಅಳಬೇಡ ತಾಯಿ. ಅದರ ಒಂದು ಕಡ್ಡಿ ಮುರಿದು ತಂದು, ನನ್ನ ಬುಡದ ತೊಗಟೆ ಸೀಳಿ ಅದರಲ್ಲಿ ಸಿಕ್ಕಿಸಿ ಕಟ್ಟು. ಬೇರು ನನ್ನದಿರಲಿ, ಹೂವು ಅದರದ್ದಿರಲಿ."

ನೀಲವ್ವ ತನ್ನ ಸೆರಗಿನ ಅಂಚು ಹರಿದು ಕಡ್ಡಿಯನ್ನು ಬಿಗಿಯಾಗಿ ಕಟ್ಟಿದಳು. ಬೇಸಿಗೆಯ ಹೊತ್ತಿಗೆ ಕಡ್ಡಿ ಚಿಗುರಿತು. ಅಲ್ಲಿಂದ ಇನ್ನೊಂದು ಮರಕ್ಕೆ, ಅಲ್ಲಿಂದ ಮತ್ತೊಂದು ತೋಟಕ್ಕೆ, ಹೀಗೆ ಕಸಿ ಕಟ್ಟುತ್ತ ಕಟ್ಟುತ್ತ ಆ ಮರ ಲೋಕವೆಲ್ಲ ಸುತ್ತಿತು.

ಅದಕ್ಕೇ ಪುಟ್ಟಾ, ನಾವು ಇವತ್ತು ತಡವಾಗಿ ಬಂದರೂ, ಪಾರ್ಕಿನ ಚೆರ್ರಿಗಳೆಲ್ಲ ಹೂ ಉದುರಿಸಿ ಹಸಿರಾಗಿದ್ದರೂ, ಅಗೋ ಅಲ್ಲಿ ಒಂದು ಮರ ಕೆಂಪು ಚಿಗುರಿನ ನಡುವೆ ಗುಲಾಬಿ ಚೆಂಡು ಹೊತ್ತು ನಿಂತಿದೆ.