ದುಂಡವ್ವನ ಕೊನೆಯ ಕೌದಿ

ಹೊಳೆ ದಂಡೆಯ ಮಠದಲ್ಲಿ ಒಬ್ಬ ಅಜ್ಜಾರಿದ್ದರು. ಸ್ವಾಮಿಗಳನ್ನು ಆ ಕಡೆ ಹಾಗೇ ಕರೆಯುವುದು. ಅವರ ಶಿಷ್ಯೆ ಬಂಗಾರೆವ್ವ. ವಚನ ಒಮ್ಮೆ ಕೇಳಿದರೆ ಬಾಯಿಪಾಠ. ದಾಸೋಹಕ್ಕೆ ನಿಂತರೆ ಎಷ್ಟು ಪಂಕ್ತಿಗಾದರೂ ಒಬ್ಬಳೇ ಸಾಕು. ಆದರೆ ಕೈಗೆ ಸೂಜಿ ಕೊಟ್ಟರೆ ಮುಗಿಯಿತು, ಬಟ್ಟೆಗಿಂತ ಬೆರಳಿಗೇ ಹೆಚ್ಚು ಹೊಲಿಗೆ.

ಇದರಲ್ಲೇನು ದೊಡ್ಡ ಮಾತು ಅನ್ನಬಹುದು. ದೊಡ್ಡ ಮಾತೇ. ಆಕೆಯ ತಾಯಿ ದುಂಡವ್ವ ಕೌದಿ ಹೊಲಿಯುವುದರಲ್ಲಿ ಸುತ್ತಲ ಊರಿಗೆಲ್ಲ ಹೆಸರಾದವಳು. ಹಳೇ ಸೀರೆ, ಹರಿದ ಧೋತರ, ಕೂಸಿನ ಕುಲಾವಿ, ಏನು ಕೊಟ್ಟರೂ ಪದರ ಪದರವಾಗಿ ಹಾಸಿ ಬೆಚ್ಚನೆಯ ಹೊದಿಕೆ ಮಾಡಿಬಿಡುತ್ತಿದ್ದಳು. ಇರುವೆ ಸಾಲು ಹೊರಟಂತೆ ಅವಳ ಹೊಲಿಗೆ.

ಆ ವಿದ್ಯೆ ಮಗಳಿಗೆ ಬರಲಿಲ್ಲ. ನೆರೆಮನೆಯ ಕಾಶವ್ವನಿಗೆ ಬಂತು.

ಬಂಗಾರೆವ್ವನಿಗೆ ಅದು ಹೊಟ್ಟೆಯೊಳಗಿನ ಕೆಂಡ. ಅವರಿಬ್ಬರೂ ಕೌದಿಗೆ ಕೂತರೆ ಈಕೆ ಎದ್ದು ಮಠಕ್ಕೆ ಬರುತ್ತಿದ್ದಳು. ತಾಯಿ ಹಾಸಿಗೆ ಹಿಡಿದ ಮೇಲೂ ಅಷ್ಟೇ. ಕಾಶವ್ವ ಸೂಜಿ ದಾರ ಹಿಡಿದು ಒಳಗೆ ಬಂದಳೆಂದರೆ ಇವಳು ಹೊರಗೆ.

ದುಂಡವ್ವ ತೀರಿಕೊಂಡಳು. ಅವರಿಬ್ಬರೂ ಕೂಡಿ ಹೊಲಿದ ಕೊನೆಯ ಕೌದಿಯನ್ನು ಕಾಶವ್ವ ತಂದು ಬಂಗಾರೆವ್ವನ ಮಡಿಲಿಗೆ ಹಾಕಿದಳು. ನೋಡಿದವರದೆಲ್ಲ ಒಂದೇ ಮಾತು: ದುಂಡವ್ವ ಎಲ್ಲಿ ಹೋಗ್ಯಾಳ, ಕಾಶವ್ವನ ಕೈಯಾಗ ಕುಂತಾಳ. ಅವರು ಹೊಗಳಿದ್ದೇನೋ ನಿಜ. ಆದರೆ ಮಗಳಾದವಳು ಅದನ್ನು ಕೇಳುವುದು ಹೇಗೆ?

ಕೌದಿ ಎತ್ತಿಕೊಂಡು ಅಜ್ಜಾರ ಹತ್ತಿರ ಹೋದಳು.

"ಅಜ್ಜಾರ, ಇದರಾಗ ನನಗ ನಮ್ಮವ್ವ ಅಷ್ಟ ಬೇಕು. ಕಾಶವ್ವನ ಹೊಲಿಗಿ ಬ್ಯಾಡ."

"ಹಂಗಾರ ಆಕಿದು ಬಿಚ್ಚು" ಎಂದರು ಅಜ್ಜಾರು. "ಗುರುತು ಸಿಗತೈತೇನು?"

"ಹಡದವ್ವನ ಕೈ ಗುರುತು ಸಿಗೂದಿಲ್ಲೇನ್ರಿ?"

ಕಷ್ಟವೇನೂ ಆಗಲಿಲ್ಲ. ಕೌದಿಯ ತುಂಬ ಇರುವೆ ಸಾಲು. ಒಂದು ಮೂಲೆಯಲ್ಲಿ ಮಾತ್ರ ಸಾಲೆಲ್ಲ ಸೊಟ್ಟ. ಒಂದು ಹೊಲಿಗೆ ಉದ್ದ, ಇನ್ನೊಂದು ಗಿಡ್ಡ. ಬಂಗಾರೆವ್ವನಿಗಾದ ಹಿಗ್ಗು ಏನು ಕೇಳುತ್ತೀರಿ! ಎಲ್ಲರೂ ಹೊಗಳುವ ಕಾಶವ್ವನ ಬಂಡವಾಳ ಇಷ್ಟೇ ಹಾಗಾದರೆ. ನಾಲ್ಕು ಜನಕ್ಕೆ ಕಾಣಲಿ ಎಂದೇ ಮಠದ ಅಂಗಳದಲ್ಲಿ ಕೂತು ಆ ಮೂಲೆಯ ದಾರವನ್ನೆಲ್ಲ ಕಿತ್ತಳು.

ಹೊಳೆಯಿಂದ ಕೊಡ ಹೊತ್ತು ಬರುತ್ತಿದ್ದ ಕಾಶವ್ವ ಅದನ್ನು ಕಂಡು ನಿಂತಳು.

"ಅಕ್ಕಾ, ಅದನ್ಯಾಕ ಬಿಚ್ಚಿದಿ?"

"ನಿನ್ನ ಹೊಲಿಗಿ ನೀನ ನೋಡ್ಕೋ. ನಾನೂ ಇಷ್ಟು ಸೊಟ್ಟ ಹೊಲಿಯಂಗಿಲ್ಲ."

"ಉಳಿದದ್ದೆಲ್ಲಾ ನಂದು. ಆ ಮೂಲಿ ಅಷ್ಟ ನಿಮ್ಮವ್ವ ಹಾಕಿದ್ದು." ಕಾಶವ್ವನ ದನಿ ಇಳಿದಿತ್ತು. "ಕೈ ಭಾಳ ನಡುಗತಿತ್ತು. ನಾ ಹಾಕ್ತೇನಿ ಕೊಡು ಅಂದ್ರ ಕೊಡಲಿಲ್ಲ. ಇದು ನನ್ನ ಮಗಳ ಗಲ್ಲಕ್ಕ ತಾಗೂ ಮೂಲಿ, ನಾನ ಹಾಕ್ಬೇಕು ಅಂದ್ಲು."

ಬಂಗಾರೆವ್ವ ಕೌದಿಯನ್ನೂ ಕಿತ್ತ ದಾರವನ್ನೂ ಬಾಚಿಕೊಂಡು ಅಜ್ಜಾರ ಮುಂದೆ ಬಂದು, ನಡೆದದ್ದನ್ನೆಲ್ಲ ಹೇಳಿದಳು.

"ನಮ್ಮವ್ವನ್ನ ನಾನ ಬಿಚ್ಚಿ ಒಗದೆ. ಕಾಶವ್ವಗ ನೀವು ಹೇಳ್ರಿ ಅಜ್ಜಾರ, ಆಕಿ ಮತ್ತ ಹೊಲಿದು ಕೊಡ್ಲಿ. ಆಕಿ ಕೈಯಾದ್ರೂ ಅವ್ವ ಕಲಿಸಿದ್ದು."

ಅಜ್ಜಾರು ಆ ಮೂಲೆಯನ್ನು ಬಿಸಿಲಿಗೆ ಹಿಡಿದರು. ಬಟ್ಟೆಯಲ್ಲಿ ಸೂಜಿ ಹೋದ ತೂತುಗಳು ಹಾಗೇ ಇದ್ದವು, ಸೊಟ್ಟ ಸೊಟ್ಟಗೆ.

"ಆಕಿ ಕೈಲೆ ಆಗೂದಿಲ್ಲ" ಎಂದರು. "ಆಕಿ ಸೂಜಿ ನೆಟ್ಟಗ ಹೋಗತೈತಿ."

ಕಿತ್ತ ದಾರದಲ್ಲೇ ಒಂದೆಳೆ ಆರಿಸಿ, ಸೂಜಿಗೆ ಪೋಣಿಸಿ, ಬಂಗಾರೆವ್ವನ ಕೈಗೆ ಕೊಟ್ಟರು. ಅವಳು ಮೊದಲ ತೂತಿಗೆ ಸೂಜಿ ಹಿಡಿಯಲು ನೋಡಿದಳು. ಮೊನೆ ನಿಲ್ಲಲಿಲ್ಲ.

"ನನ್ನ ಕೈ ನಡುಗಾಕತ್ತೈತ್ರಿ, ಅಜ್ಜಾರ."

"ಇದಕ್ಕ ನಡುಗೋ ಕೈಯ ಬೇಕು. ಹೊಲಿ."